ಕಾಲೇಜಿನಲ್ಲಿ ಕೇಳಿದ್ದು

ಪದವಿ ಮುಗಿಸಿ ಮನೆಗೆ ಬಂದವನನ್ನು ನೆಂಟರಿಷ್ಟರೆಲ್ಲ ಕೇಳುವ ಪ್ರಶ್ನೆ ಒಂದೇ: "ಮುಂದೇನಪ್ಪಾ?" ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತಾಗಲೂ ಅದೇ, ಬಸ್ ನಿಲ್ದಾಣದಲ್ಲಿ ಎದುರು ಸಿಕ್ಕಿದಾಗಲೂ ಅದೇ. ಹಿಂದೇನು, ಈ ಮೂರು ವರ್ಷ ಅಲ್ಲಿ ಏನು ನಡೆಯಿತು, ಏನು ಕಲಿತೆ ಎಂದು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ. ಬಾನುಲಿಯವರು ಅದನ್ನೇ ವಿಷಯವಾಗಿ ಕೊಟ್ಟು ಮಾತನಾಡು ಎಂದದ್ದು ನನಗೆ ಉಪಕಾರವೇ ಆಯಿತು. ಮುಂದಿನದನ್ನು ಕುರಿತು ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಹಿಂದಿನದನ್ನು ಕುರಿತಾದರೆ ಹದಿನೈದು ನಿಮಿಷಕ್ಕೆ ಸಾಲುವಷ್ಟಿದೆ.

ನಮ್ಮ ಕನ್ನಡದಲ್ಲಿ 'ಕೇಳು' ಎಂಬ ಮಾತು ಒಂದೇ ಆದರೂ ಅದು ಮಾಡುವ ಕೆಲಸ ಎರಡು. ಹಾಡನ್ನು ಕೇಳುತ್ತೇವೆ; ದಾರಿಯನ್ನೂ ಕೇಳುತ್ತೇವೆ. ಕಿವಿಗೊಡುವುದಕ್ಕೂ ಅದೇ ಮಾತು, ಪ್ರಶ್ನಿಸುವುದಕ್ಕೂ ಅದೇ ಮಾತು. ಈಗ ನೀವು ಮಾಡುತ್ತಿರುವುದು ಮೊದಲನೆಯ ಕೇಳುವಿಕೆ. ಕಾಲೇಜಿನ ತರಗತಿಯಲ್ಲಿ ಅದು ಧಾರಾಳವಾಗಿ ನಡೆಯಿತು, ದಿನಕ್ಕೆ ನಾಲ್ಕೈದು ಗಂಟೆಯ ಕಾಲ. ಎರಡನೆಯದು ಎಷ್ಟು ನಡೆಯಿತೆಂದು ಬೆರಳು ಮಡಿಸುತ್ತ ಹೋದರೆ ಒಂದು ಕೈ ಸಾಕಾಗುತ್ತದೆ. ಬೇರೆ ಬೇರೆ ಊರುಗಳಲ್ಲಿ ಓದಿದ ನನ್ನ ಗೆಳೆಯರನ್ನು ವಿಚಾರಿಸಿದೆ. ಅವರ ಲೆಕ್ಕವೂ ಇದಕ್ಕಿಂತ ಬಹಳ ಮೇಲಿಲ್ಲ. ಇಪ್ಪತ್ತು ವರ್ಷದ ಆಸುಪಾಸಿನ ಅರವತ್ತು ಎಪ್ಪತ್ತು ಮಂದಿ, ಹೊರಗೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಗಲಾಟೆ ಮಾಡುವವರು, ಒಳಗೆ ಕುಳಿತಾಗ ಒಂದು ಪ್ರಶ್ನೆಯನ್ನೂ ಎತ್ತದೆ ಮೂರು ವರ್ಷ ಕಳೆಯುವುದೆಂದರೆ ಅದಕ್ಕೆ ಏನಾದರೂ ಕಾರಣವಿರಲೇಬೇಕು.

ಮೊದಲು ನಮ್ಮ ತಂಡದ ಸಂಗತಿಯನ್ನು ಸ್ವಲ್ಪ ಹೇಳಬೇಕು. ನಾವು 2021ರಲ್ಲಿ ಕಾಲೇಜು ಸೇರಿದವರು. ಕೊರೊನಾ ಕಾರಣದಿಂದ ಆ ವರ್ಷ ದ್ವಿತೀಯ ಪಿ.ಯು.ಸಿ. ಪರೀಕ್ಷೆಯನ್ನು ರದ್ದು ಮಾಡಿದ್ದರು. ಎಸ್.ಎಸ್.ಎಲ್.ಸಿ. ಅಂಕಗಳಿಂದ ನೂರಕ್ಕೆ 45 ಪಾಲು, ಪ್ರಥಮ ಪಿ.ಯು.ಸಿ. ಅಂಕಗಳಿಂದ 45 ಪಾಲು, ಕಾಲೇಜಿನವರು ಕೊಟ್ಟ ಆಂತರಿಕ ಅಂಕಗಳಿಂದ 10 ಪಾಲು ಹೀಗೆ ಕೂಡಿಸಿ, ಹೊಸದಾಗಿ ಪರೀಕ್ಷೆಗೆ ಕಟ್ಟಿದ್ದವರನ್ನೆಲ್ಲ ತೇರ್ಗಡೆ ಮಾಡಿದರು. ಊರಿನಲ್ಲಿ ನಮಗೆ 'ಕೊರೊನಾ ಪಾಸು' ಎಂಬ ಬಿರುದು ಬಂತು. ಅದನ್ನು ನಗುತ್ತಲೇ ಹೊತ್ತೆವು. ಆದರೆ ನಮಗೆ ಅಂಟಿಕೊಂಡದ್ದು ಆ ಬಿರುದಿಗಿಂತ ಬೇರೆ ಒಂದು. ಅದಕ್ಕೆ ಹಿಂದೆ ಎಷ್ಟೋ ತಿಂಗಳು ನಾವು ಪಾಠ ಕೇಳಿದ್ದು ಮೊಬೈಲಿನಲ್ಲಿ. ಹುಣಸೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಶಾಲೆಯ ಹಿಂದಿನ ದಿಬ್ಬದ ಮೇಲೆ. ಅಲ್ಲಿ ಒಂದು ಫೋನಿನ ಸುತ್ತ ಮೂವರು ಕುಳಿತುಕೊಳ್ಳುತ್ತಿದ್ದೆವು. ಆ ಪಾಠಕ್ಕೊಂದು ಕಟ್ಟುನಿಟ್ಟು: ಪಾಠ ನಡೆಯುವಾಗ ಮಕ್ಕಳೆಲ್ಲ ತಮ್ಮ ತಮ್ಮ ಮೈಕು ಆರಿಸಿಟ್ಟಿರಬೇಕು. ಇಲ್ಲದಿದ್ದರೆ ಒಬ್ಬನ ಮನೆಯ ಕೋಳಿ, ಇನ್ನೊಬ್ಬನ ಮನೆಯ ಕುಕ್ಕರು, ಎಲ್ಲವೂ ತರಗತಿಗೆ ಬಂದುಬಿಡುತ್ತವೆ. ಮೇಷ್ಟ್ರಿಗೆ ನಮ್ಮ ಮುಖ ಕಾಣದು, ದನಿ ಕೇಳದು. ಹೀಗೆ ಬಾಯಿ ಆರಿಸಿಟ್ಟು ಅಭ್ಯಾಸವಾದವರು ನಾವು ನಿಜವಾದ ಬೆಂಚಿನ ಮೇಲೆ ಬಂದು ಕುಳಿತೆವು.

ಮೈಸೂರಿನ ಕಾಲೇಜೊಂದರಲ್ಲಿ ನನಗೆ ಬಿ.ಎಸ್ಸಿ. ಸಿಕ್ಕಿತು, ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ. ತರಗತಿಯಲ್ಲಿ ಅರ್ಧದಷ್ಟು ಮಂದಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಪಿ.ಯು.ಸಿ.ಯಲ್ಲಿಯೇ ನಮಗೆ ಇಂಗ್ಲಿಷು ಎದುರಾಗಿತ್ತು. ಆದರೆ ಅಲ್ಲಿ ಮೇಷ್ಟ್ರು ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಕಾಲೇಜಿನಲ್ಲಿ ಆ ಎರಡನೆಯ ಭಾಗ ಬಿಟ್ಟುಹೋಯಿತು. ಗಂಟೆಯ ಕೊನೆಯಲ್ಲಿ "ಎನಿ ಡೌಟ್ಸ್?" ಎನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತೇವೆ. ಆ ತಲೆಯಾಡಿಕೆ ಮೇಲೆ ಕೆಳಗೋ, ಅತ್ತ ಇತ್ತಲೋ ಎಂಬುದು ನೋಡುವವರಿಗೆ ತಿಳಿಯದಂತೆ ಇರುತ್ತದೆ. ಅಧ್ಯಾಪಕರು ಪುಸ್ತಕ ಮಡಿಸಿ ಹೊರಡುತ್ತಾರೆ.

ಕನ್ನಡದಲ್ಲಿ ಓದಿದವರಿಗೆ ವಿಜ್ಞಾನದ ಪಾರಿಭಾಷಿಕ ಪದಗಳೇ ತೊಡಕೆಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೆನ್ನಿಸಲಿಲ್ಲ. ಶಾಲೆಯಲ್ಲಿ ದ್ಯುತಿಸಂಶ್ಲೇಷಣೆ ಎಂದು ಕಲಿತದ್ದನ್ನು ಕಾಲೇಜಿನಲ್ಲಿ ಫೋಟೋಸಿಂಥೆಸಿಸ್ ಎಂದರು. ಒಂದು ಸಂಸ್ಕೃತದಿಂದ ಕಟ್ಟಿದ್ದು, ಇನ್ನೊಂದು ಗ್ರೀಕಿನಿಂದ ಕಟ್ಟಿದ್ದು. ನಮ್ಮ ಅಜ್ಜಿಗೆ ಎರಡೂ ಅಷ್ಟೇ ದೂರ. ಅಂಥ ಪದಗಳನ್ನು ಹದಿನೈದು ದಿನದಲ್ಲಿ ಬಾಯಿಪಾಠ ಮಾಡಿ ಮುಗಿಸಬಹುದು. ನಮ್ಮನ್ನು ಕಾಡಿದವು ದೊಡ್ಡ ಪದಗಳಲ್ಲ, ಅವುಗಳ ನಡುವೆ ಓಡಾಡುವ ಸಣ್ಣ ಪದಗಳು: ಅನ್‌ಲೆಸ್, ವೇರ್‌ಆಸ್, ಪ್ರೊವೈಡೆಡ್. ಇವುಗಳಿಗೆ ಪುಸ್ತಕದ ಹಿಂದೆ ಅರ್ಥ ಕೊಟ್ಟಿರುವುದಿಲ್ಲ. ಇವೂ ಕಷ್ಟವಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. "ನೀರು ಹಾಕದಿದ್ದರೆ ಗಿಡ ಒಣಗುತ್ತದೆ" ಎನ್ನುತ್ತೇವೆ ನಾವು. ಕಾರಣ ಮೊದಲು, ಫಲ ಆಮೇಲೆ. ಇಂಗ್ಲಿಷಿನ ಪಾಠದಲ್ಲಿ ಗಿಡ ಮೊದಲೇ ಒಣಗಿಬಿಟ್ಟಿರುತ್ತದೆ. ನೀರಿನ ಮಾತು ವಾಕ್ಯದ ಬಾಲದಲ್ಲಿ ಬರುತ್ತದೆ. ಆ ಬಾಲವನ್ನು ಹಿಡಿದು ವಾಕ್ಯವನ್ನು ತಿರುಗಿಸಿ ನಿಲ್ಲಿಸುವಷ್ಟರಲ್ಲಿ ಅಧ್ಯಾಪಕರು ಮೂರು ವಾಕ್ಯ ಮುಂದೆ ಹೋಗಿರುತ್ತಾರೆ. ಪಾಠ ಅರ್ಥವಾಗಲಿಲ್ಲವೆಂದು ಕೇಳಬೇಕಾದರೂ ಯಾವುದು ಅರ್ಥವಾಗಲಿಲ್ಲವೆಂಬುದಾದರೂ ಅರ್ಥವಾಗಿರಬೇಕಷ್ಟೆ. ಅದು ಗೊತ್ತಾದರೂ ಕೇಳುವುದು ಯಾವ ಭಾಷೆಯಲ್ಲಿ? ಪ್ರಶ್ನೆಯನ್ನು ಮನಸ್ಸಿನಲ್ಲಿ ಇಂಗ್ಲಿಷಿಗೆ ತಂದುಕೊಂಡು, ವ್ಯಾಕರಣ ಸರಿಮಾಡಿ, ಇನ್ನೇನು ಏಳಬೇಕು ಎನ್ನುವಾಗ ಗಂಟೆ ಹೊಡೆಯುತ್ತದೆ.

ಇನ್ನೊಂದು ಕಾರಣ ಅಂಕ. ನಾವು ಸೇರಿದ ವರ್ಷವೇ ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ಆರಂಭವಾಯಿತು. ನೂರರಲ್ಲಿ 60 ಅಂಕ ಸೆಮಿಸ್ಟರಿನ ಕೊನೆಯ ಪರೀಕ್ಷೆಗೆ, 40 ಅಂಕ ಕಾಲೇಜಿನ ಒಳಗಿನ ಮೌಲ್ಯಮಾಪನಕ್ಕೆ. ಉದ್ದೇಶ ಒಳ್ಳೆಯದೇ: ಒಂದು ದಿನದ ಮೂರು ಗಂಟೆಯ ಬದಲು ವರ್ಷವಿಡೀ ಮಾಡಿದ ಕೆಲಸಕ್ಕೆ ಬೆಲೆ ಸಿಗಲಿ ಎಂಬುದು. ಆದರೆ ಆ 40 ಅಂಕ ಇಡುವವರು ಯಾರು, ಅವರ ಮುಂದೆಯೇ ಎದ್ದು ನಿಂತು "ಇದು ಹೇಗೆ ಸಾರ್?" ಎಂದರೆ ಅಧಿಕಪ್ರಸಂಗವಾದೀತೇ ಎಂಬ ಅಳುಕು ಹುಡುಗರಿಗೆ ಇದ್ದೇ ಇತ್ತು. ಹಾಗೆ ಯಾರ ಅಂಕವನ್ನೂ ಯಾರೂ ಕಳೆದದ್ದನ್ನು ನಾನು ಕಂಡಿಲ್ಲ. ಅಳುಕಿಗೆ ಸಾಕ್ಷಿ ಬೇಕೆ?

ಸೆಮಿಸ್ಟರೆಂದರೆ ಹದಿನಾರು ವಾರ. ಅದರಲ್ಲಿ ಹಬ್ಬ, ರಜೆ, ಒಳಪರೀಕ್ಷೆ ಕಳೆದು ಉಳಿದದ್ದರಲ್ಲಿ ಪಾಠ ಮುಗಿಯಬೇಕು. ಅಧ್ಯಾಪಕರಿಗೂ ಅವಸರ, ನಮಗೂ ಅವಸರ. ಆ ಅವಸರಕ್ಕೆ ಮದ್ದು ಕಾಲೇಜಿನ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿತ್ತು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಹಿರಿಯ ವಿದ್ಯಾರ್ಥಿಗಳು ಬರೆದಿಟ್ಟ ನೋಟ್ಸು, ಬರಬಹುದಾದ ಪ್ರಶ್ನೆಗಳ ಪಟ್ಟಿ, ಎಲ್ಲವೂ ಪುಟದ ಲೆಕ್ಕದಲ್ಲಿ ದೊರೆಯುತ್ತಿದ್ದವು. ಆ ಅಂಗಡಿಯವರು ಯಾವ ಕಾಲೇಜಿಗೂ ಹೋದವರಲ್ಲ. ಆದರೆ ಯಾವ ಪಾಠದಲ್ಲಿ ಯಾವುದು ಮುಖ್ಯವೆಂದು ಅವರಷ್ಟು ಖಚಿತವಾಗಿ ಹೇಳುವವರು ಆ ಬೀದಿಯಲ್ಲಿಯೇ ಇರಲಿಲ್ಲ. ಹೀಗೆ ಕಲಿತಾಗ ಜಗತ್ತೆಲ್ಲ ಅಂಕವಾಗಿ ಕಾಣತೊಡಗುತ್ತದೆ. ಎಲೆಯಿಂದ ನೀರು ಆವಿಯಾಗುವುದು ಐದು ಅಂಕ. ಬೇರು ನೀರು ಹೀರುವುದು ಹತ್ತು ಅಂಕ. ನೀರು ಹೀರುವ ಬೇರಿಗೂ ಅದನ್ನು ಬಿಡುವ ಎಲೆಗೂ ಏನು ಸಂಬಂಧವೆಂಬುದು ಪಟ್ಟಿಯಲ್ಲಿ ಇರುವುದಿಲ್ಲ.

ಹಾಗಾದರೆ ನಾವು ಏನನ್ನೂ ಕೇಳಲೇ ಇಲ್ಲವೆ? ಕೇಳಿದೆವು, ತರಗತಿಯ ಹೊರಗೆ. ಹಾಸ್ಟೆಲಿನಲ್ಲಿ ರಾತ್ರಿ ಮುದ್ದೆ, ಸೊಪ್ಪಿನ ಸಾರು ಉಂಡು ತಾರಸಿ ಹತ್ತಿದರೆ ಅಲ್ಲಿ ಬೇರೊಂದು ಕಾಲೇಜು ನಡೆಯುತ್ತಿತ್ತು. ಎರಡು ವರ್ಷ ಮುಂದಿದ್ದ ಹುಡುಗನೊಬ್ಬ ಪ್ರತಿಯೊಂದನ್ನೂ ಅಡಿಗೆಮನೆಗೆ ಇಳಿಸಿ ಹೇಳುತ್ತಿದ್ದ. ಆಸ್ಮೋಸಿಸ್ ಎಂದರೆ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ನೀರು ಬಿಡುವುದು ಎಂದ. ಆ ಪಾಠ ಅಲ್ಲಿಗೆ ಮುಗಿಯಿತು. ಈ ಮಾತನ್ನು ಕೇಳುತ್ತಿರುವ ಹಿರಿಯರಲ್ಲಿ ವಾರಾನ್ನದ ಮನೆಗಳಲ್ಲಿ ಉಂಡು ಓದಿದವರು ಇರಬಹುದು. ಅವರ ಕಾಲದ ಜಗಲಿ ನಮ್ಮ ಕಾಲಕ್ಕೆ ತಾರಸಿಯಾಗಿತ್ತು.

ಪ್ರಯೋಗಶಾಲೆಯಲ್ಲಿಯೂ ಅಷ್ಟೆ. ಅಲ್ಲಿ ನಾವು ಮೊದಲು ಪ್ರಶ್ನೆ ಕೇಳಿದ್ದು ಅಧ್ಯಾಪಕರನ್ನಲ್ಲ, ಅಟೆಂಡರನ್ನು. ಬಿಳಿಗೂದಲಿನ ಮನುಷ್ಯ, ಹೆಚ್ಚು ಮಾತಿಲ್ಲ. ಆಮ್ಲವನ್ನು ಅಳೆಯುವ ಪ್ರಯೋಗದಲ್ಲಿ ಬ್ಯೂರೆಟ್ಟಿನಿಂದ ಕ್ಷಾರವನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಫೀನಾಲ್ಫ್ತಲೀನ್ ಹಾಕಿದ ದ್ರಾವಣ ತೆಳು ಗುಲಾಬಿಗೆ ತಿರುಗಿದೊಡನೆ ನಿಲ್ಲಿಸಬೇಕು. ನಮ್ಮದೋ ತಿರುಗಿದರೆ ಗಾಢ ಬಣ್ಣಕ್ಕೇ ತಿರುಗುತ್ತಿತ್ತು. ಅವರು ಹಿಂದಿನಿಂದ ಬಂದು, "ಕೈ ನಿಧಾನ. ಬಣ್ಣ ಬಂದು ಹೋಗ್ತದೆ, ಬಂದು ಹೋಗ್ತದೆ. ಬಂದು ನಿಂತರೆ ನೀನೂ ನಿಲ್ಲು. ದಪ್ಪ ಆಯ್ತು ಅಂದರೆ ದಾಟಿಬಿಟ್ಟೆ ಅಂತ" ಎಂದರು. ಸರಿಯಾಗಿ ಬಂದ ಗುಲಾಬಿ ಬಣ್ಣವೂ ಸ್ವಲ್ಪ ಹೊತ್ತು ಇಟ್ಟರೆ ಮಾಯವಾಗುತ್ತಿತ್ತು. ಅದೇಕೆ ಎಂದು ಕೇಳಿದೆ. "ಗಾಳಿ ತಿಂದುಬಿಡ್ತದೆ" ಎಂದರು. ಆಮೇಲೆ ಪುಸ್ತಕ ತೆರೆದು ನೋಡಿದರೆ ಅದೇ ಮಾತು: ಗಾಳಿಯ ಇಂಗಾಲದ ಡೈಆಕ್ಸೈಡು ನೀರಿನಲ್ಲಿ ಕರಗಿ ದುರ್ಬಲ ಆಮ್ಲವಾಗಿ, ಉಳಿದಿದ್ದ ಒಂದಿಷ್ಟು ಕ್ಷಾರವನ್ನು ಮುಗಿಸುತ್ತದೆ. ಅಟೆಂಡರು ಎರಡು ಪದದಲ್ಲಿ ಹೇಳಿದ್ದರು.

ಇನ್ನು ಬಾಳೆಯ ಪ್ರಸಂಗ. ನನ್ನ ಮೂರು ವರ್ಷದಲ್ಲಿ ಯಾವುದಾದರೂ ಒಂದೇ ದಿನವನ್ನು ಇಟ್ಟುಕೊಳ್ಳಬಹುದೆಂದರೆ ನಾನು ಇಟ್ಟುಕೊಳ್ಳುವ ದಿನ ಅದು. ನಮ್ಮ ತರಗತಿಯಲ್ಲಿ ನಂಜನಗೂಡಿನ ಕಡೆಯ ಹುಡುಗಿಯೊಬ್ಬಳಿದ್ದಳು. ರಸಬಾಳೆ ಬೆಳೆಯುತ್ತಿದ್ದ ಮನೆತನ. ಆಕೆ ಚಿಕ್ಕವಳಿದ್ದಾಗ ತೋಟಕ್ಕೆ ಸೊರಗುರೋಗ ಬಿದ್ದು, ಎಲೆ ಹಳದಿಯಾಗಿ ಜೋತು, ಗಿಡದ ಬುಡ ಸೀಳಿ, ಎರಡು ವರ್ಷದಲ್ಲಿ ತೋಟವೆಲ್ಲ ಹೋಗಿತ್ತು. ತಂದೆ ಬೇರೆ ಬೆಳೆಗೆ ಇಳಿದಿದ್ದರು. ಸಸ್ಯಶಾಸ್ತ್ರ ಏಕೆ ತೆಗೆದುಕೊಂಡೆ ಎಂದು ಕೇಳಿದಾಗ, "ನಮ್ಮ ತೋಟ ಯಾಕೆ ಹೋಯಿತು ಅಂತ ತಿಳಿಯಬೇಕಿತ್ತು" ಎಂದಿದ್ದಳು. ಅದು ಯಾವ ಸೆಮಿಸ್ಟರಿನಲ್ಲಿ ಬರುತ್ತದೆಂದು ಪಠ್ಯಕ್ರಮದ ಹಾಳೆಯಲ್ಲಿ ಹುಡುಕಿದ್ದಳಂತೆ. ಎಲ್ಲಿಯೂ ಇರಲಿಲ್ಲ.

ಅಂದು ಹೂವಿನ ಪಾಠ. ನಿಷೇಚನವಾದ ಮೇಲೆ ಅಂಡಾಶಯ ಹಣ್ಣಾಗುತ್ತದೆ, ಅಂಡಕಗಳು ಬೀಜವಾಗುತ್ತವೆ ಎಂದು ಅಧ್ಯಾಪಕರು ಹೇಳಿ ಮುಗಿಸಿ ಹೊರಗೆ ಬಂದರು. ಆಕೆ ವರಾಂಡದಲ್ಲಿ ಅವರ ಹಿಂದೆಯೇ ಹೋಗಿ ಕನ್ನಡದಲ್ಲಿಯೇ ಕೇಳಿದಳು: "ಸಾರ್, ಬಾಳೆಹಣ್ಣಿನಲ್ಲಿ ಬೀಜ ಎಲ್ಲಿದೆ?"

ಅವರು ನಿಂತರು. ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಕಿಟಕಿಯ ಮೇಲಿಟ್ಟರು. ಕಾಡುಬಾಳೆಯ ಹಣ್ಣನ್ನು ಸುಲಿದು ನೋಡು, ಒಳಗೆಲ್ಲ ಕಲ್ಲಿನಂಥ ಬೀಜ ಎಂದರು. ನಾವು ತಿನ್ನುವ ಹಣ್ಣನ್ನು ಅಡ್ಡಲಾಗಿ ಕೊಯ್ದರೆ ನಡುವೆ ಕಾಣುವ ಸಣ್ಣ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳು. ಸಾಮಾನ್ಯ ಜೀವಿಗಳಲ್ಲಿ ವರ್ಣತಂತುಗಳು ಜೋಡಿ ಜೋಡಿಯಾಗಿರುತ್ತವೆ. ಕಾಡುಬಾಳೆಯಲ್ಲಿ 11ರ ಎರಡು ತಂಡ, ಒಟ್ಟು 22. ನಾವು ಬೆಳೆಯುವ ಬಾಳೆಗಳಲ್ಲಿ ಹೆಚ್ಚಿನವುಗಳಿಗೆ 11ರ ಮೂರು ತಂಡ, ಒಟ್ಟು 33. ಎರಡನ್ನು ಸಮನಾಗಿ ಹಂಚಬಹುದು, ಮೂರನ್ನು ಇಬ್ಬರಿಗೆ ಹಂಚುವುದು ಹೇಗೆ? ಹಂಚಿಕೆ ಕೆಡುತ್ತದೆ, ಪರಾಗವೂ ಅಂಡವೂ ಸರಿಯಾಗಿ ಆಗುವುದಿಲ್ಲ. ಬೀಜವಿಲ್ಲದೆಯೇ ಹಣ್ಣು ಬಲಿಯುತ್ತದೆ. ಇಷ್ಟನ್ನು ಅವರು ಕನ್ನಡದಲ್ಲಿ, ವರಾಂಡದ ಧೂಳಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ಹೇಳಿದರು. ಸುತ್ತ ಹತ್ತು ಹನ್ನೆರಡು ಜನ ಸೇರಿದ್ದೆವು.

ಆಕೆ ಅಲ್ಲಿಗೇ ಬಿಡಲಿಲ್ಲ. "ಬೀಜ ಇಲ್ಲದ್ದಕ್ಕೆ ಕಂದು ನೆಡ್ತೀವಿ. ಹಾಗಾದರೆ ನಮ್ಮ ತೋಟದ ಗಿಡ ಎಲ್ಲ ಒಂದೇ ಗಿಡವಾ ಸಾರ್?" ಎಂದಳು. ಅಧ್ಯಾಪಕರು ಆಕೆಯ ಮುಖವನ್ನೇ ಒಂದು ಕ್ಷಣ ನೋಡಿ, "ಹೌದಮ್ಮ, ಒಂದೇ ಗಿಡ" ಎಂದರು. ಬೀಜದಿಂದ ಬೆಳೆದಿದ್ದರೆ ಒಂದು ಗಿಡದಂತೆ ಇನ್ನೊಂದು ಇರುತ್ತಿರಲಿಲ್ಲ. ಯಾವುದೋ ಹತ್ತು ಗಿಡ ರೋಗವನ್ನು ತಡೆದು ನಿಲ್ಲಬಹುದಿತ್ತು. ಕಂದಿನಿಂದ ಬಂದವು ಎಲ್ಲವೂ ಒಂದೇ ಅಚ್ಚು. ಒಂದಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವುದಕ್ಕೂ ಇಲ್ಲ. ಮೇಲಾಗಿ ಆ ಶಿಲೀಂಧ್ರ ಮಣ್ಣಿನಲ್ಲಿ ಎಷ್ಟೋ ವರ್ಷ ಸಾಯದೆ ಇರುತ್ತದೆ. ರೋಗದ ತೋಟದ ಕಂದು ಕಿತ್ತು ಪಕ್ಕದ ತೋಟದಲ್ಲಿ ನೆಟ್ಟರೆ ರೋಗವೂ ಜೊತೆಗೆ ಹೋಗುತ್ತದೆ. ಆಕೆ ತಲೆತಗ್ಗಿಸಿ ನೆಲದ ಮೇಲಿನ ಗೆರೆಗಳನ್ನು ನೋಡುತ್ತಿದ್ದಳು. "ಅಪ್ಪ ಅದನ್ನೇ ಮಾಡಿದ್ದು" ಎಂದಳು. ಯಾರೂ ಮಾತಾಡಲಿಲ್ಲ. ಮುಂದಿನ ತರಗತಿಯ ಗಂಟೆ ಆಗಲೇ ಹೊಡೆದಿತ್ತು.

ಮರುದಿನ ಅವರು ಆ ಪ್ರಶ್ನೆಯಿಂದಲೇ ಪಾಠ ಆರಂಭಿಸಿದರು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ. ಅಂದು ಇನ್ನಿಬ್ಬರು ಪ್ರಶ್ನೆ ಕೇಳಿದರು. ನಾನು ಆಗ ಹೇಳಿದ ಒಂದು ಕೈಯ ಲೆಕ್ಕದಲ್ಲಿ ಆ ಎರಡೂ ಸೇರಿವೆ. ಪರೀಕ್ಷೆಯಲ್ಲಿ ಬಾಳೆ ಬರಲಿಲ್ಲ. ಆದರೆ ಆ ವರ್ಷ ಓದಿದ್ದರಲ್ಲಿ ನಮಗೆಲ್ಲರಿಗೂ ಈಗಲೂ ನೆನಪಿರುವುದು ಅದೊಂದೇ.

ಆ ಅಧ್ಯಾಪಕರು ಅತಿಥಿ ಉಪನ್ಯಾಸಕರು. ನಮ್ಮ ಕಡೆ ಅತಿಥಿಗೆ ಮೊದಲ ಮಣೆ. ಕಾಲೇಜಿನ ಅತಿಥಿಗೆ ಮಾತ್ರ ಮಣೆ ಉಳಿಯುತ್ತದೋ ಇಲ್ಲವೋ ಎಂಬುದು ಪ್ರತಿ ವರ್ಷವೂ ಅನುಮಾನ. ಸರ್ಕಾರಿ ಪದವಿ ಕಾಲೇಜುಗಳ ಪಾಠ ಬಹುಮಟ್ಟಿಗೆ ನಡೆಯುತ್ತಿರುವುದು ಇಂಥವರಿಂದ. 2023ರ ಕೊನೆಯಲ್ಲಿ ಅವರು ಖಾಯಂ ಮಾಡಿರೆಂದು ಕೇಳಿ ರಾಜ್ಯದಲ್ಲೆಲ್ಲ ತರಗತಿ ಬಿಟ್ಟು ಹೊರಗೆ ಕುಳಿತರು. ವಾರಗಟ್ಟಲೆ ನಮಗೆ ಪಾಠವಿರಲಿಲ್ಲ. ಪಾಠ ಹೋಯಿತೆಂದು ಬೇಸರಪಟ್ಟವರಿದ್ದರು. ನಮ್ಮ ಪಾಲಿಗೆ ಅವರೂ ಪ್ರಶ್ನೆ ಕೇಳುತ್ತಿದ್ದಾರೆ ಅನ್ನಿಸಿತು. ಮುಂದಿನ ಜೂನಿನಲ್ಲಿ ತಾವು ಇಲ್ಲಿರುವೆವೋ ಇಲ್ಲವೋ ತಿಳಿಯದವರು, ಮಧ್ಯಾಹ್ನದ ಬಸ್ಸು ತಪ್ಪಿದರೂ ವರಾಂಡದಲ್ಲಿ ನಿಂತು ಹೇಳಿಕೊಟ್ಟರು ಎಂಬುದನ್ನು ಇಲ್ಲಿ ಹೇಳದಿದ್ದರೆ ನನ್ನ ಮಾತು ಪೂರ್ತಿಯಾಗದು.

ಮೈಸೂರಿನ ಅಧ್ಯಾಪಕರ ವಿಚಾರ ಬಂದಾಗಲೆಲ್ಲ ಭಾಷಣಕಾರರು ಹೇಳುವ ಕಥೆಯೊಂದಿದೆ. ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ರಾಧಾಕೃಷ್ಣನ್ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದದ್ದು. ಪ್ರತಿ ವರ್ಷ ಸೆಪ್ಟೆಂಬರ್ ಐದಕ್ಕೆ ನಾವಿದನ್ನು ಕೇಳಿದ್ದೇವೆ. ಆ ಹುಡುಗರು ಅವರನ್ನು ಏನೇನು ಕೇಳುತ್ತಿದ್ದರು, ಅವರು ಏನು ಹೇಳುತ್ತಿದ್ದರು ಎಂಬುದನ್ನೂ ಯಾರಾದರೂ ಹೇಳಿದ್ದರೆ ಗಾಡಿಯ ಕಥೆಗಿಂತ ನಮಗೆ ಅದು ಹೆಚ್ಚು ಬೇಕಾಗಿತ್ತು. ಅದೇ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವನ್ನು ಹೂಡಿ ಬಾನುಲಿ ನಡೆಸಿದರು. 'ಆಕಾಶವಾಣಿ' ಎಂದು ಹೆಸರಾದದ್ದು ಆ ಮನೆಯ ಬಾನುಲಿಯೇ. ಕಾಲೇಜು ಮೇಷ್ಟ್ರೊಬ್ಬರಿಗೆ ತಮ್ಮ ಪಾಠದ ಆಚೆಗೂ ಒಂದು ಕುತೂಹಲ ಹುಟ್ಟಿದ್ದರಿಂದಲೇ ಈ ಹೊತ್ತು ನನ್ನಂಥವನ ಮಾತು ನಿಮ್ಮ ಮನೆಗೆ ಬರುತ್ತಿದೆ.

ಪುಸ್ತಕಭಂಡಾರದ ಮಾತನ್ನೂ ಸೇರಿಸಬೇಕು. ಬಾಳೆಯ ಪ್ರಸಂಗವಾದ ಮೇಲೆ ನಾನು ಅಲ್ಲಿ ಹುಡುಕಿ ತೆಗೆದದ್ದು ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು'. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ್ದನ್ನು ಕನ್ನಡದಲ್ಲಿ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಮ್ಮ ಭಂಡಾರದಲ್ಲಿ ಆ ಪುಸ್ತಕವನ್ನು ಕನ್ನಡ ಸಾಹಿತ್ಯದ ಕಪಾಟಿನಲ್ಲಿ ಇಟ್ಟಿದ್ದರು. ಸಸ್ಯಶಾಸ್ತ್ರದ ಕಪಾಟು ಎದುರಿನ ಗೋಡೆಗಿತ್ತು. ವಿಜ್ಞಾನದ ಹುಡುಗರು ಈ ಕಡೆ ಬರುವುದಿಲ್ಲ, ಕನ್ನಡದ ಹುಡುಗರಿಗೆ ಅದು ಗಿಡದ ಪುಸ್ತಕ.

ನಾವು ಕಲಿಯುತ್ತಿದ್ದಂತೆಯೇ ನಿಯಮವೂ ಬದಲಾಯಿತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದ್ಧತಿಯನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಆದೇಶ ಮಾಡಿತು. ನಮ್ಮ ತಂಡದವರು ಬೇಕಾದರೆ ಮೂರಕ್ಕೆ ಹೊರಡಬಹುದು, ಬೇಕಾದರೆ ನಾಲ್ಕನೆಯ ವರ್ಷಕ್ಕೆ ಉಳಿಯಬಹುದು ಎಂದಾಯಿತು. ಮನೆಯ ಪರಿಸ್ಥಿತಿ ನೋಡಿಕೊಂಡು ನಾನು ಹೊರಟೆ; ನಮ್ಮಲ್ಲಿ ಬಹಳ ಮಂದಿ ಹೊರಟರು. ನಂಜನಗೂಡಿನ ಹುಡುಗಿ ಉಳಿದಳು. ಮೊದಲ ಎರಡು ವರ್ಷ ಪಾಸಿನ ಬಸ್ಸು ಹಿಡಿಯಲು ನಾಲ್ಕು ಗಂಟೆಗೇ ಓಡುತ್ತಿದ್ದವಳು, 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಯಾವ ಸರ್ಕಾರಿ ಬಸ್ಸಾದರೂ ಸರಿಯೆಂದು ಭಂಡಾರ ಮುಚ್ಚುವವರೆಗೂ ಓದಿ ಹೋಗುತ್ತಿದ್ದಳು. ನಾಲ್ಕನೆಯ ವರ್ಷದ ಯೋಜನೆಗೆ ಆಕೆ ಆರಿಸಿಕೊಂಡದ್ದು ಸೊರಗುರೋಗವನ್ನೇ. ತಂದೆ ಹಳೆಯ ತೋಟದ ನಾಲ್ಕು ಮೂಲೆಯ ಮಣ್ಣನ್ನು ನಾಲ್ಕು ಚೀಲದಲ್ಲಿ ಕಟ್ಟಿ, ಯಾವುದು ಯಾವ ಮೂಲೆಯದೆಂದು ಚೀಟಿ ಬರೆದು ಬಸ್ಸಿನಲ್ಲಿ ಕಳಿಸಿಕೊಟ್ಟರಂತೆ. ಹೇಳಿಕೊಟ್ಟ ಅಧ್ಯಾಪಕರು ಆಗ ಆ ಕಾಲೇಜಿನಲ್ಲಿ ಇರಲಿಲ್ಲ. ಆ ವರ್ಷ ಅವರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು. ಏನಾದರೂ ಕೇಳಬೇಕಾದರೆ ರಾತ್ರಿ ಎಂಟರ ಮೇಲೆ ಫೋನ್ ಮಾಡು ಎಂದಿದ್ದರಂತೆ. ಆಕೆ ವಾರಕ್ಕೆ ಎರಡು ಸಲವಾದರೂ ಮಾಡುತ್ತಿದ್ದಳು.